ಸುಟ್ಟ ಗುಡ್ಡದ ತಂಗಡಿ, ಕೆಳಗಿನ ಹೊಲದ ಬದನೆ

ಫೆಬ್ರುವರಿ ಮುಗಿಯುವ ಹೊತ್ತಿಗೆ ದೇವರಾಯನದುರ್ಗದ ಇಳಿಜಾರೋ, ಮಧುಗಿರಿ–ಕೊರಟಗೆರೆ ಕಡೆಯ ಗುಡ್ಡವೋ, ಕೋಲಾರದ ಅಂತರಗಂಗೆ ಸಾಲೋ, ಸ್ಕಂದಗಿರಿಯ ಬುಡವೋ, ಎಲ್ಲಾದರೊಂದು ಕಡೆ ಹೊಗೆ ಏಳುವುದು ಬಯಲುಸೀಮೆಯವರಿಗೆ ಹೊಸದಲ್ಲ. ಆಳೆತ್ತರ ಬೆಳೆದು ಒಣಗಿ ನಿಂತ ಬಾದೆ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಹೊಸ ಹುಲ್ಲು ಬರಲಿ ಎಂದು ಬೇಕೆಂದೇ ಕಡ್ಡಿ ಗೀರುವವರೂ ಇದ್ದಾರೆ. ಆಮೇಲೆ ಆಗುವುದೂ ಗೊತ್ತಿರುವುದೇ. ಜೂನ್ 5ರ ಪರಿಸರ ದಿನಕ್ಕೆ ಬೀಜದುಂಡೆ ಎಸೆಯುತ್ತಾರೆ, ಸಸಿ ನೆಡುತ್ತಾರೆ, ಫೋಟೊ ತೆಗೆಯುತ್ತಾರೆ. ಮಳೆಗಾಲ ಕಳೆದ ಮೇಲೆ ಅದೇ ಜಾಗಕ್ಕೆ ಹೋದರೆ ನೆಟ್ಟ ಸಸಿಗಳಲ್ಲಿ ಮುಕ್ಕಾಲು ಪಾಲು ಕಾಣುವುದಿಲ್ಲ. ಯಾರೂ ನೆಡದ ತಂಗಡಿ ಮಾತ್ರ ಕರಕಲು ಬುಡದಿಂದ ಎದ್ದು ಹಳದಿ ಹೂ ಹೊತ್ತು ನಿಂತಿರುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸುಟ್ಟ ನೆಲಕ್ಕೆ ಏನು ಹಾಕಬೇಕೆಂದು ಪ್ರತಿವರ್ಷ ಚರ್ಚೆಯಾಗುತ್ತದೆ. ಹಾಕಬೇಕಾದ ಗಿಡ ಅಲ್ಲೇ ಮಣ್ಣಿನೊಳಗಿದೆ ಎಂಬುದನ್ನು ನೋಡಿಕೊಂಡು ಕೆಲಸ ಶುರು ಮಾಡುವವರು ಕಡಿಮೆ. ತಂಗಡಿಯನ್ನು (ಆವರಿಕೆ ಎಂದರೂ ಇದೇ, ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ) ಬೀಳು ನೆಲದ ಕಳೆಯೆಂದು ಬಗೆಯುವುದರಲ್ಲಿ ನಷ್ಟವಾಗುವುದು ಗುಡ್ಡಕ್ಕಿಂತ ಹೆಚ್ಚಾಗಿ ಗುಡ್ಡದ ಕೆಳಗೆ ಬದನೆ, ಟೊಮೆಟೊ, ತೊಗರಿ ಬೆಳೆಯುವವರಿಗೆ. ಅದು ಹೇಗೆಂದು ತಿಳಿಯಲು ಹೂವನ್ನೇ ಕೈಗೆತ್ತಿಕೊಳ್ಳಬೇಕು.

ಹೂವಿನೊಳಗೆ

ಅರಳಿದ ತಂಗಡಿ ಹೂವಿನಲ್ಲಿ 5 ಎಸಳು, ನಡುವೆ 10 ಕೇಸರ. ಮೇಲಿನ 3 ಕೇಸರ ಪುಟ್ಟವು, ಅವು ಬಂಜೆ. ಉಳಿದವುಗಳಲ್ಲಿ ಕೆಳಗಿನ ಎರಡು ಮೂರು ಉದ್ದವಾಗಿ ಬಾಗಿವೆ. ಬೆರಳಲ್ಲಿ ಉಜ್ಜಿದರೂ ಪುಡಿ ಅಂಟುವುದಿಲ್ಲ. ಬೇರೆ ಹೂಗಳ ಪರಾಗಕೋಶ ಉದ್ದುದ್ದಕ್ಕೆ ಸೀಳಿಕೊಂಡು ಪುಡಿಯನ್ನು ಹೊರಗಿಟ್ಟರೆ, ತಂಗಡಿಯದು ತುದಿಯಲ್ಲಿ ಮಾತ್ರ ಸೂಜಿಮೊನೆಯಷ್ಟು ತೂತು ಬಿಡುತ್ತದೆ, ಉಪ್ಪಿನ ಡಬ್ಬಿಯ ಮುಚ್ಚಳದ ಹಾಗೆ. ಅಲ್ಲಾಡಿಸಿದರೆ ಮಾತ್ರ ಪುಡಿ ಉದುರುತ್ತದೆ.

ಅಲ್ಲಾಡಿಸುವ ಕಲೆ ಎಲ್ಲ ಜೇನಿಗೂ ಇಲ್ಲ. ಕರಿದುಂಬಿ ಬಂದು ಕೇಸರವನ್ನು ಅವುಚಿಕೊಂಡು, ರೆಕ್ಕೆ ಮಡಿಸಿ, ಹಾರಾಟದ ಸ್ನಾಯುಗಳನ್ನು ಮಾತ್ರ ಅದುರಿಸುತ್ತದೆ. ಹಾರುವಾಗಿನ ಗುಂಯ್‌ಗುಡುವಿಕೆಗಿಂತ ಏರುದನಿಯ, ಚುಟುಕಾದ ಒಂದು 'ಝೀಂ' ಕೇಳುತ್ತದೆ. ಮರುಗಳಿಗೆಯಲ್ಲಿ ಅದರ ಹೊಟ್ಟೆಯ ಮೇಲೆ ಹಳದಿ ಪುಡಿ. ನೀಲಿ ಪಟ್ಟೆಯ ಒಂಟಿ ಜೇನುಗಳೂ (ಅಮೆಗಿಲ್ಲಾ ಕುಲದವು) ಇದನ್ನೇ ಮಾಡುತ್ತವೆ. ತುಡುವೆ, ಹೆಜ್ಜೇನು, ಕೋಲುಜೇನು ಈ ಮೂರಕ್ಕೂ ಆ ವಿದ್ಯೆ ಬಾರದು. ಅವು ಬಂದರೂ ದುಂಬಿ ಉದುರಿಸಿ ಬಿಟ್ಟ ಪುಡಿಯನ್ನು ಆಯ್ದುಕೊಂಡು ಹೋಗುತ್ತವೆ ಅಷ್ಟೆ.

ಬದನೆ ಮತ್ತು ಟೊಮೆಟೊ ಹೂವಿನ ಪರಾಗವೂ ತುದಿಯ ಕಡೆಯಿಂದ ಹೀಗೇ ಉದುರಬೇಕು. ಟೊಮೆಟೊ ತನ್ನ ಪರಾಗಕ್ಕೆ ತಾನೇ ಕಾಯಿ ಕಚ್ಚುವ ಗಿಡ, ಬಯಲಿನಲ್ಲಿ ಗಾಳಿಗೆ ಅಲುಗಾಡಿದರೂ ಒಂದಷ್ಟು ಕೆಲಸ ಆಗುತ್ತದೆ. ಆದರೂ ದುಂಬಿ ಅದುರಿಸಿದ ಹೂವಿನ ಹಣ್ಣಿನಲ್ಲಿ ಬೀಜ ಹೆಚ್ಚು, ಬೀಜ ಹೆಚ್ಚಾದಂತೆ ಗಾತ್ರವೂ ಹೆಚ್ಚು. ಗಾಳಿಯಾಡದ ಪಾಲಿಹೌಸಿನಲ್ಲಿ ಹೂಗೊಂಚಲನ್ನು ಕೈಯಿಂದಲೋ ಯಂತ್ರದಿಂದಲೋ ಅದುರಿಸಬೇಕಾಗಿ ಬರುವುದು ಇದಕ್ಕೇ. ಬದನೆಯಲ್ಲಿ ದುಂಬಿಯ ಪಾಲು ಇನ್ನೂ ದೊಡ್ಡದು. ತೊಗರಿ ಹೂವಿನ ದೋಣಿಯನ್ನು (ಕೇಸರವನ್ನು ಮುಚ್ಚಿಕೊಂಡಿರುವ ಕೆಳಗಿನ ಎಸಳು) ಒತ್ತಿ ತೆರೆಯುವುದಕ್ಕೂ ಮೈಭಾರವಿರುವ ಇಂಥ ಜೇನೇ ಬೇಕು. ಕೋಲಾರ ಎಪಿಎಂಸಿಗೆ ಟೊಮೆಟೊ ಕ್ರೇಟು ಹೊರುವ ಮುಳಬಾಗಿಲು, ಚಿಂತಾಮಣಿ ಕಡೆಯ ಹೊಲಗಳಿಗೆ ವರ್ಷಪೂರ್ತಿ ದುಂಬಿ ಬೇಕು. ಹೊಲದಲ್ಲೋ ಹೂ ಇರುವುದು ಬೆಳೆಯ ಕೆಲವು ವಾರ ಮಾತ್ರ. ಉಳಿದ ದಿನ ದುಂಬಿ ತಿನ್ನುವುದು ಗುಡ್ಡದ್ದು, ಬದುವಿನದು. ಸಣ್ಣ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರಿಗಿಂತ ಆಚೆ ಹೆಚ್ಚಾಗಿ ಹೋಗುವುದಿಲ್ಲವಾದ್ದರಿಂದ ದೂರದ ಕಾಡಿನ ಹೂವಿನಿಂದ ಹೊಲಕ್ಕೆ ಪ್ರಯೋಜನ ಇಲ್ಲ. ಹತ್ತಿರದ ಕುರುಚಲೇ ಲೆಕ್ಕಕ್ಕೆ ಬರುವುದು.

ಶ್ರೀನಿವಾಸಪುರದ ಮಾವಿನವರು ಇದನ್ನು ತಮ್ಮ ತೋಟಕ್ಕೆ ಹಾಗೆಯೇ ಅನ್ವಯಿಸಿಕೊಳ್ಳುವ ಹಾಗಿಲ್ಲ. ಮಾವಿನ ಪರಾಗಸ್ಪರ್ಶದಲ್ಲಿ ನೊಣಗಳ ಪಾಲೇ ದೊಡ್ಡದು, ತಂಗಡಿ ಹೂವಿಗೂ ನೊಣಕ್ಕೂ ಅಷ್ಟು ನಂಟಿಲ್ಲ.

ತಂಗಡಿಗೆ ಒಂದು ಕೊರತೆಯಿದೆ: ಹೂವಿನಲ್ಲಿ ಮಕರಂದವಿಲ್ಲ. ಮರಿಗೆ ಬೇಕಾದ ಪ್ರೋಟೀನು ಪರಾಗದಿಂದ ಸಿಕ್ಕರೂ ಹಾರಲು ಬೇಕಾದ ಸಕ್ಕರೆಯನ್ನು ದುಂಬಿ ಬೇರೆ ಹೂವಿನಿಂದ ತರಬೇಕು. ಬರೀ ತಂಗಡಿ ಹಾಕಿ 'ಜೇನಿಗೆ ತೋಟ ಮಾಡಿದೆವು' ಎನ್ನುವುದು ಅರ್ಧ ಊಟ ಬಡಿಸಿದಂತೆಯೇ ಸರಿ. ಇದರ ಜೋಡಿಯಾಗಿ ತುಂಬೆ ಬೇಕು. ಶಿವಪೂಜೆಗೆ ಕೀಳುವ ಆ ಪುಟ್ಟ ಬಿಳಿ ಹೂವಿನ ಬುಡದಲ್ಲಿ ಮಕರಂದವಿದೆ. ಕೋಲುಜೇನಿನಿಂದ ಹಿಡಿದು ಚಿಟ್ಟೆವರೆಗೆ ಎಲ್ಲವೂ ಬರುತ್ತವೆ. ವಿಷ್ಣುಕ್ರಾಂತಿ, ನಾಯಿತುಳಸಿ, ಅಣ್ಣೆ ಹೂ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ 'ವೈಲ್ಡ್ ಫ್ಲವರ್ ಮಿಕ್ಸ್' ಎಂದು ಮಾರುವ ಕಾಸ್ಮಾಸ್, ಜೀನಿಯಾ ಪೊಟ್ಟಣಗಳು ಅಂಗಳಕ್ಕೆ ಚೆಂದ; ಗುಡ್ಡಕ್ಕೆ ತರಬೇಡಿ, ಅವು ಈ ನೆಲದ ಹೂಗಳಲ್ಲ.

ತಂಗಡಿ ಸೊಪ್ಪನ್ನು ನೆಚ್ಚಿಕೊಂಡ ಚಿಟ್ಟೆಗಳೂ ಇವೆ. ಎಮಿಗ್ರಂಟ್ ಜಾತಿಯ ಮಾಸಲು ಬಿಳಿ, ನಿಂಬೆ ಬಣ್ಣದ ಚಿಟ್ಟೆಗಳು ಇದರ ಎಲೆಯ ಮೇಲೆ ಮೊಟ್ಟೆಯಿಡುತ್ತವೆ. ಹಸಿರು ಹುಳು ಎಲೆ ಬೋಳಿಸಿದ್ದು ಕಂಡು ಔಷಧಿ ಕ್ಯಾನ್ ತರಬೇಕಿಲ್ಲ, ಮುಂದಿನ ಮಳೆಗೆ ಗಿಡ ಮತ್ತೆ ಚಿಗುರುತ್ತದೆ. ಯಾವ ಸಿಂಪಡಣೆ ಎಷ್ಟು ದೂರ ಹಾರಿ ಯಾವ ಹುಳುವನ್ನು ಕೊಲ್ಲುತ್ತದೆಂದು ಶಿಡ್ಲಘಟ್ಟದ ರೇಷ್ಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಂಕಿ ಏನನ್ನು ಸುಡುತ್ತದೆ, ಏನನ್ನು ಬಿಡುತ್ತದೆ

ಹುಲ್ಲಿನ ಬೆಂಕಿ ಜೋರಾಗಿ ಉರಿದರೂ ಬೇಗ ದಾಟಿಹೋಗುತ್ತದೆ. ನೆಲದ ಮೇಲೆ ಬಿದ್ದ ಬೀಜ ಸುಟ್ಟುಹೋಗುತ್ತದೆ. ಬೆರಳ ಗೆಣ್ಣಿನಷ್ಟು ಆಳದಲ್ಲಿರುವುದಕ್ಕೆ ಬಿಸಿ ತಾಕುತ್ತದೆ, ಸುಡುವುದಿಲ್ಲ. ಗೇಣು ಆಳದಲ್ಲಿ ಬಿಸಿಯ ಸುಳಿವೇ ಇರುವುದಿಲ್ಲ. ತಂಗಡಿಯ ತಾಯಿಬೇರು ಇಳಿದಿರುವುದು ಅದಕ್ಕೂ ಕೆಳಗೆ. ಮೇಲಿನ ಕೊಂಬೆ ಕರಕಲಾದರೂ ಬುಡದ ಗಂಟಿನಲ್ಲಿ ಮೊಗ್ಗುಗಳು ಉಳಿಯುತ್ತವೆ. ಚರ್ಮ ಹದಮಾಡುವ ಕಾರ್ಖಾನೆಗಳಿಗೆ ತೊಗಟೆ ಬೇಕೆಂದು ದಕ್ಷಿಣ ಭಾರತದಲ್ಲಿ ತಂಗಡಿಯನ್ನು ಬುಡಮಟ್ಟ ಕೊಯ್ದು ಮತ್ತೆ ಮತ್ತೆ ಚಿಗುರಿಸುತ್ತಿದ್ದರು, ಆಫ್ರಿಕಾದ ವ್ಯಾಟಲ್ ಮರದ ತೊಗಟೆ ಬಂದು ಆ ವ್ಯಾಪಾರ ಕುಸಿಯುವವರೆಗೆ. ಬೆಂಕಿಯ ಮೇಲಿನ ಚಿಗುರು ಆ ಗುಣದ್ದೇ.

ಮಣ್ಣಿನಲ್ಲಿ ಹೂತ ತಂಗಡಿ ಬೀಜದ ಸಿಪ್ಪೆ ನೀರು ಒಳಬಿಡದಷ್ಟು ಗಟ್ಟಿ. ಬಿಸಿಗೆ ಆ ಸಿಪ್ಪೆ ಬಿರುಕು ಬಿಡುತ್ತದೆ, ಮಳೆಗೆ ನೀರು ಹೀರಿ ಮೊಳೆಯುತ್ತದೆ. ತುಂಬೆಯ ಕಥೆ ಬೇರೆ. ಒಂದೇ ವರ್ಷದ ಗಿಡ, ಸಣ್ಣ ಬೀಜ, ಬೀಳುವುದು ನೆಲದ ಮೇಲೆಯೇ. ಬೆಂಕಿಗೆ ಅದು ಪೂರ್ತಿ ಹೋಗುತ್ತದೆ, ಆಮೇಲೆ ಅಂಚಿನಿಂದ ಒಳಕ್ಕೆ ನಿಧಾನವಾಗಿ ಬರಬೇಕು. ಮನುಷ್ಯ ಕೈಹಾಕುವುದರಿಂದ ನಿಜವಾಗಿ ಅನುಕೂಲವಾಗುವುದು ತಂಗಡಿಗಿಂತ ತುಂಬೆಗೇ.

ಜೇನುಗಳದ್ದೂ ಇದೇ ಲೆಕ್ಕ. ಮಣ್ಣಿನಲ್ಲಿ ಗೂಡು ತೋಡುವ ನೀಲಿ ಪಟ್ಟೆಯವು ಬೆಂಕಿಗೆ ಬದುಕಿಕೊಳ್ಳುತ್ತವೆ. ಒಣಮರ, ಬಿದಿರು, ಕತ್ತಾಳೆಯ ಒಣ ಬೊಂಬಿನಲ್ಲಿ ಸುರಂಗ ಕೊರೆದು ಮರಿ ಮಾಡುವ ಕರಿದುಂಬಿ ಮನೆ ಸಮೇತ ಸುಡುತ್ತದೆ. ಬೆಂಕಿ ಆರಿದ ಮೇಲೆ ಅರೆಸುಟ್ಟ ಮೋಟು, ಕೊಂಬೆಗಳನ್ನು 'ಸ್ವಚ್ಛ' ಮಾಡಿ ಸೌದೆಗೆ ಸಾಗಿಸುವುದು ಆದ್ದರಿಂದಲೇ ತಪ್ಪು. ಮರಳಿ ಬರುವ ದುಂಬಿ ಮೊದಲು ಹುಡುಕುವುದು ಅದನ್ನೇ. ತೋಳು ಗಾತ್ರದ ಒಣಮರದ ತುಂಡುಗಳನ್ನು ಎಕರೆಗೆ ಹತ್ತಾರಾದರೂ ಉಳಿಸಿ.

ಬೂದಿಯ ಬಗ್ಗೆ ಒಂದು ನಂಬಿಕೆಯಿದೆ, ಸುಟ್ಟರೆ ನೆಲ ಫಲವತ್ತಾಗುತ್ತದೆ ಎಂದು. ಪೊಟ್ಯಾಷ್, ಸುಣ್ಣ ಸಿಗುವುದು ನಿಜ. ಸಾರಜನಕ ಮಾತ್ರ ಹೊಗೆಯ ಜೊತೆ ಹೋಗುತ್ತದೆ. ಮೊದಲ ದೊಡ್ಡ ಮಳೆಗೆ ಬೂದಿಯೂ ಕೊಚ್ಚಿ ಕೆರೆಗೆ ಸೇರುತ್ತದೆ. ಕಳೆದ ಸಾರಜನಕವನ್ನು ತಂಗಡಿ ತುಂಬಿಕೊಡುತ್ತದೆಂದೂ ತಿಳಿಯಬೇಡಿ. ದ್ವಿದಳ ಕುಟುಂಬದ್ದಾದರೂ ಇದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ, ಹಾಗಾಗಿ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಹಿಡಿದುಕೊಡುವ ಸೂಕ್ಷ್ಮಾಣು) ಪುಡಿಗೆ ದುಡ್ಡು ಹಾಕುವುದು ದಂಡ. ತಂಗಡಿ ಸೊಪ್ಪು ಗೊಬ್ಬರವಾಗಿ ಹೆಸರು ಮಾಡಿದ್ದು ಆಳದ ಬೇರು ಮೇಲೆತ್ತಿ ತಂದ ಸಾರದಿಂದ.

ಮೊದಲು ಕಾಯುವ ಕೆಲಸ

ಮಾರ್ಚಿನಲ್ಲಿ ಸುಟ್ಟ ನೆಲಕ್ಕೆ ಭರಣಿ ಅಥವಾ ಕೃತ್ತಿಕೆ ಮಳೆ (ಏಪ್ರಿಲ್ ಕೊನೆಯಿಂದ ಮೇವರೆಗಿನದು) ಎರಡು ಹದವಾಗಿ ಬೀಳುವವರೆಗೆ ಏನನ್ನೂ ಹಾಕಬಾರದು. ಮಳೆ ಬಿದ್ದ ಮೂರ್ನಾಲ್ಕು ವಾರಕ್ಕೆ ಹೋಗಿ, 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕವನ್ನು ಹಗ್ಗದಲ್ಲಿ ಗುರುತು ಮಾಡಿ, ಬುಡದಿಂದ ಚಿಗುರಿದ್ದನ್ನೆಲ್ಲ ಎಣಿಸಿ. ತಂಗಡಿ, ಬಂದರೆ ಗಿಡ, ಕಾರೆ, ಕವಳೆ, ಕಕ್ಕೆ ಹೀಗೆ. ಇಂಥ ಚೌಕ ಐದಾರು ಕಡೆ ಆಗಲಿ. ಚೌಕಕ್ಕೆ 8–10 ತಂಗಡಿ ಬುಡ ಚಿಗುರಿದ್ದರೆ ಅಲ್ಲಿ ಬಿತ್ತನೆ ಬೇಡ, ಮುಂದಿನ ಬೆಂಕಿ ತಡೆದರೆ ಸಾಕು. ಎರಡು ಮೂರೇ ಇದ್ದರೆ ನಡುವಿನ ಖಾಲಿಗೆ ಹಾಕಿ. ಒಂದೂ ಇಲ್ಲದಿದ್ದರೆ ಬಹುಶಃ ಮೊದಲು ಅಲ್ಲಿದ್ದದ್ದು ನೀಲಗಿರಿಯೋ ಲಂಟಾನವೋ ಆಗಿರುತ್ತದೆ.

ಬಿತ್ತಲೇಬಾರದ ಜಾಗಗಳೂ ಇವೆ. ಬಂಡೆಯ ಮೇಲಿನ ತೆಳು ಮಣ್ಣಿಗೆ ಅದರದೇ ಆದ ಹುಲ್ಲು, ಸಣ್ಣ ಗಿಡಗಳಿವೆ. ಹುಲ್ಲುಗಾವಲಿಗೆ ಪೊದೆ ಬೇಡ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲಿನಂಥ ಬಯಲಿಗೆ ಹೂವಿನ ಪೊದೆ ತುಂಬುವುದು ಜಿಂಕೆಯ ನೆಲೆಯನ್ನೇ ಕೆಡಿಸಿದಂತೆ. ತಂಗಡಿಯ ಜಾಗ ಗುಡ್ಡದ ಬುಡ, ಕೆಂಪು ಜಲ್ಲಿ ಮಣ್ಣಿನ ಇಳಿಜಾರು, ಗೋಮಾಳದ ಅಂಚು, ಹೊಲದ ಬದು, ಕೆರೆ ಏರಿಯ ಹೊರಮೈ ಮುಂತಾದ ಕಡೆ.

ಮರದ ದಿಮ್ಮಿಯೋ ಲಂಟಾನದ ಮೆಳೆಯೋ ಗಂಟೆಗಟ್ಟಲೆ ಉರಿದ ಕಡೆ ಮಣ್ಣು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿ ಬೀಜವೂ ಸತ್ತಿದೆ, ಮಣ್ಣಿನ ಜೀವವೂ ಸತ್ತಿದೆ. ಪಕ್ಕದ ಸುಡದ ಪೊದೆಯಡಿಯ ಮೇಲ್ಮಣ್ಣನ್ನು ಎರಡು ಮಂಕರಿ ತಂದು ಬೆರೆಸಿ ಒಂದು ಮಳೆಗಾಲ ಬಿಟ್ಟು ಹಾಕಿ.

ಕಾಯುವ ಕಾಲದಲ್ಲೇ ಲಂಟಾನವನ್ನು ಮುಗಿಸಬೇಕು. ಬೆಂಕಿಗೆ ಮುಳ್ಳಿನ ಮೆಳೆ ಸುಟ್ಟಿರುವುದರಿಂದ ಬುಡ ಕೈಗೆ ಸಿಗುತ್ತದೆ. ವರ್ಷದಲ್ಲಿ ಇದೊಂದೇ ಅವಕಾಶ. ಮೊದಲ ಮಳೆಗೆ ಮಣ್ಣು ಮೆತ್ತಗಾದಾಗ, ಚಿಗುರು ಗೇಣುದ್ದ ಇರುವಾಗಲೇ ತಾಯಿಬೇರನ್ನು ನೆಲದಿಂದ 3–5 ಸೆಂಟಿಮೀಟರ್ ಕೆಳಗೆ ಗುದ್ದಲಿಯಲ್ಲಿ ಕಡಿದು, ಬುಡವನ್ನು ಬೇರು ಮೇಲಾಗಿ ಮಗುಚಿಡಿ. ನೆಲಮಟ್ಟಕ್ಕೆ ಮಚ್ಚಿನಲ್ಲಿ ಸವರಿದರೆ ಒಂದು ಇದ್ದದ್ದು ಹತ್ತಾಗುತ್ತದೆ. ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಪಾರ್ಥೇನಿಯಂ ಬಂದು ಕೂರುತ್ತದೆ. ತಂಗಡಿ ಬಿತ್ತನೆಗೆ ಮೊದಲ ಆದ್ಯತೆ ಇಂಥ ಗುಂಡಿಗಳಿಗೇ.

ಬೀಜ: ಯಾವುದು, ಎಲ್ಲಿಂದ

ನರ್ಸರಿಯಲ್ಲಿ ತಂಗಡಿ ಕೇಳಿದರೆ ಸೀಮೆ ತಂಗಡಿ ಕೈಗಿಡುವುದುಂಟು. ಅದು ರಸ್ತೆ ಬದಿಯ ದೊಡ್ಡ ಮರ, ಬೇರೆಯೇ ಜಾತಿ. ಇದಕ್ಕಿಂತ ಅಪಾಯದ್ದು ಹಳದಿ ಗೊಂಚಲಿನ ಸೆನ್ನಾ ಸ್ಪೆಕ್ಟಾಬಿಲಿಸ್; ಬಂಡೀಪುರ, ನಾಗರಹೊಳೆಯಲ್ಲಿ ಅರಣ್ಯ ಇಲಾಖೆಯನ್ನು ಹೈರಾಣು ಮಾಡಿರುವ ಮರ ಅದು. ಗುರುತು ಸುಲಭ. ತಂಗಡಿಯ ಎಲೆದಂಟು ಕಾಂಡಕ್ಕೆ ಸೇರುವ ಕಡೆ ಕಿವಿಯಾಕಾರದ ಅಗಲವಾದ ಎರಡು ಪುಟ್ಟ ಎಲೆಗಳು ಅಂಟಿಕೊಂಡಿರುತ್ತವೆ, ಬೇರೆ ಎರಡರಲ್ಲಿ ಅವು ಕಾಣುವುದಿಲ್ಲ. ಕಿರುಎಲೆಯ ಜೋಡಿಗಳ ನಡುವೆ ದಂಟಿನ ಮೇಲೆ ಸಣ್ಣ ಗ್ರಂಥಿಗಳಿರುತ್ತವೆ. ಕಾಯಿ ಬೆರಳುದ್ದ, ಚಪ್ಪಟೆ, ಒಣಗಿದಾಗ ಕಾಗದದ ಹಾಗೆ ತೆಳು. ಸೀಮೆ ತಂಗಡಿಯ ಕಾಯಿ ಗೇಣಿಗಿಂತ ಉದ್ದ, ಗಟ್ಟಿ. ಸ್ಪೆಕ್ಟಾಬಿಲಿಸ್‌ನದು ಉದ್ದನೆಯ ಕೊಳವೆ. ಬೀಜ ಬಿಡಿಸಿದ ಮೇಲೆ ಜಾತಿ ಹೇಳುವುದು ಕಷ್ಟ, ಕಾಯಿ ಸಮೇತ ಕಂಡದ್ದನ್ನಷ್ಟೇ ತನ್ನಿ.

ತರುವುದು ಅದೇ ತಾಲ್ಲೂಕಿನಿಂದಲೇ. ಪಾವಗಡದ ಒಣ ನೆಲದಲ್ಲಿ ಪಳಗಿದ ಗಿಡಕ್ಕೂ ನಂದಿಬೆಟ್ಟದ ತಪ್ಪಲಿನ ಗಿಡಕ್ಕೂ ಮಳೆಯ ಲೆಕ್ಕ ಒಂದೇ ಅಲ್ಲ. ಒಂದೇ ಪೊದೆಯನ್ನು ಬೋಳಿಸಬೇಡಿ. ಕಡಿಮೆಯೆಂದರೂ 30 ಗಿಡದಿಂದ, ಪ್ರತಿ ಗಿಡದಲ್ಲಿ ಐದರಲ್ಲಿ ಒಂದು ಪಾಲು ಕಾಯಿ ಮಾತ್ರ. ಈಗೀಗ ಆವರಿಕೆ ಹೂವಿನ ಪುಡಿ, ಕಷಾಯಕ್ಕೆ ಬೇಡಿಕೆ ಬಂದು ರಸ್ತೆ ಬದಿಯ ಗಿಡಗಳಲ್ಲಿ ಹೂ ಉಳಿಯುವುದೇ ಕಮ್ಮಿ. ಹೂ ಕಿತ್ತ ಕೊಂಬೆಯಲ್ಲಿ ಬೀಜ ಎಲ್ಲಿಂದ ಬರಬೇಕು?

ಕಾಯಿ ಪೂರ್ತಿ ಕಂದಾಗಿ, ಅಲ್ಲಾಡಿಸಿದರೆ ಬೀಜದ ಸದ್ದು ಬಂದಾಗ ಕೊಯ್ಯಿರಿ. ಹಸಿರು ಕಾಯಿಯ ಬೀಜ ಒಣಗಿದಾಗ ಮುರುಟುತ್ತದೆ. ಕಾಯಿಯ ಮೇಲೆ ಗುಂಡುಸೂಜಿ ತೂತಿದ್ದರೆ ಒಳಗೆ ಬೀಜ ಕೊರೆಯುವ ಹುಳು ಆಗಲೇ ತಿಂದು ಹೊರಬಿದ್ದಿದೆ. ಬಿಡಿಸಿದ ಬೀಜವನ್ನು ಬಕೆಟ್ ನೀರಿಗೆ ಸುರಿದು ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಎರಡು ಮೂರು ಬಿಸಿಲು ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕಿ. ಸಿಪ್ಪೆ ಗಟ್ಟಿಯಾದ್ದರಿಂದ ಎರಡು ಮೂರು ವರ್ಷ ಕೆಡದೆ ಇರುತ್ತದೆ.

ಮೊಳಕೆ ಬರಿಸುವುದು

ಹಾಗೇ ಬಿತ್ತಿದರೆ ಬಹುಪಾಲು ಬೀಜ ಆ ವರ್ಷ ಏಳುವುದೇ ಇಲ್ಲ. ಸಿಪ್ಪೆಯ ಬೀಗ ತೆಗೆಯಬೇಕು. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ ಐದು ನಿಮಿಷ ಬಿಡಿ. ಬೀಜದ ಐದು ಪಟ್ಟು ಅಳತೆಯ ಆ ನೀರನ್ನು ಬೀಜದ ಮೇಲೆ ಸುರಿದು, ಹಾಗೇ ಆರಲು ಬಿಟ್ಟು, ರಾತ್ರಿಯಿಡೀ ನೆನೆಸಿ. ಬೀಜವನ್ನು ಒಲೆಯ ಮೇಲಿನ ಕುದಿಯುವ ನೀರಿಗೆ ಹಾಕಿ ಮತ್ತೆ ಕುದಿಸಿದರೆ ಅದು ಬೆಂದ ಕಾಳೇ. ಬೆಳಗ್ಗೆ ಉಬ್ಬಿದ ಬೀಜ ಬೇರ್ಪಡಿಸಿ ಅವತ್ತೇ ಬಿತ್ತಬೇಕು. ಉಬ್ಬದೇ ಉಳಿದವಕ್ಕೆ ಇನ್ನೊಮ್ಮೆ ಅದೇ ಉಪಚಾರ. ಕಡಿಮೆ ಬೀಜವಿದ್ದರೆ ಎರಡು ಉಪ್ಪುಕಾಗದದ ನಡುವೆ ಹೊಳಪು ಹೋಗುವವರೆಗೆ ಉಜ್ಜಿ ತಣ್ಣೀರಿನಲ್ಲಿ ನೆನೆಸಿದರೂ ಆಗುತ್ತದೆ. ಪ್ರಯೋಗಾಲಯದಲ್ಲಿ ಗಂಧಕಾಮ್ಲ ಬಳಸುವುದುಂಟು, ಮನೆಯಲ್ಲಿ ಅದರ ಗೊಡವೆ ಬೇಡ.

ಬೀಜದುಂಡೆ ಯಾಕೆ ಕೈಕೊಡುತ್ತದೆ ಎನ್ನುವುದೂ ಇಲ್ಲೇ ತಿಳಿಯುತ್ತದೆ. ಉಪಚಾರ ಮಾಡದ ಬೀಜ ಉಂಡೆಯೊಳಗೂ ಗಟ್ಟಿಯಾಗಿಯೇ ಇರುತ್ತದೆ, ಮಣ್ಣು ಕರಗಿದ ಮೇಲೆ ಬರೀ ಬಂಡೆಯ ಮೇಲೆ ಉಳಿಯುತ್ತದೆ. ಉಪಚಾರ ಮಾಡಿದ್ದು ಉಂಡೆ ಕಟ್ಟುವಾಗಿನ ತೇವಕ್ಕೇ ಮೊಳೆತು, ಉಂಡೆ ಒಣಗುವಾಗ ಒಳಗೇ ಸಾಯುತ್ತದೆ. ಎರಡೂ ದಾಟಿ ಮೊಳೆತರೂ ಎಸೆದ ಉಂಡೆ ನೆಲದ ಮೇಲೆ ಕೂತಿರುವುದರಿಂದ ಬೇರು ಮಣ್ಣಿಗೆ ಇಳಿಯುವ ಮೊದಲೇ ಎರಡು ದಿನದ ಬಿಸಿಲು ಬರುತ್ತದೆ. ಕಡ್ಡಿಯಲ್ಲಿ ಗುಳಿ ಮಾಡಿ ಊರುವ ಬೀಜಕ್ಕೆ ಈ ತೊಂದರೆ ಇಲ್ಲ. ಮಕ್ಕಳಿಗೆ ಆಟವಾಗಬೇಕಾದರೆ ಉಂಡೆ ಇರಲಿ. ಗಿಡ ಬೇಕಾದರೆ ಗುದ್ದಲಿ ಹಿಡಿಯಬೇಕು.

ಬಿತ್ತನೆ

ಈ ಮೂರೂ ಜಿಲ್ಲೆಗಳಲ್ಲಿ ಮುಂಗಾರು ಶುರುವಾದರೂ ಜುಲೈ ಗಾಳಿ ಬೀಸಿ ಮಳೆ ಎಳೆದಾಡುತ್ತದೆ. ನಿಜವಾದ ಮಳೆ ಸೆಪ್ಟೆಂಬರ್–ಅಕ್ಟೋಬರಿನದು. ಮೃಗಶಿರೆಯಲ್ಲಿ ಬಿತ್ತಿದರೆ ಜುಲೈ ಒಣಗಿನಲ್ಲಿ ಒಂದಷ್ಟು ಸಾಯುತ್ತವೆ, ಉಳಿದವು ಬೇಸಿಗೆಯ ಹೊತ್ತಿಗೆ ಆಳಕ್ಕೆ ಬೇರು ಬಿಟ್ಟಿರುತ್ತವೆ. ಹುಬ್ಬೆ–ಉತ್ತರೆಯಲ್ಲಿ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ, ಆದರೆ ಎಳೆ ಗಿಡ ಮೊದಲ ಬೇಸಿಗೆಗೆ ಸಿಕ್ಕಿಬೀಳುತ್ತದೆ. ಬೀಜವನ್ನು ಎರಡು ಪಾಲು ಮಾಡಿ, ಒಂದು ಪಾಲು ಜೂನಿಗೆ, ಇನ್ನೊಂದು ಆಗಸ್ಟ್ ಕೊನೆಗೆ ಹಾಕುವುದು ಸುರಕ್ಷಿತ. ಒಂದೇ ಸಲ ಎನ್ನುವವರು ಜೂನನ್ನೇ ಆರಿಸಿಕೊಳ್ಳಲಿ.

ಸಾಲು ಹಿಡಿದು ಇಡೀ ಎಕರೆ ತುಂಬಬೇಡಿ. ಗುಂಪಾಗಿ ಹಾಕಿದರೆ ದುಂಬಿ ಒಂದೇ ಕಡೆ ಹೆಚ್ಚು ಹೂ ಮುಟ್ಟುತ್ತದೆ, ಕಾಯಿಯೂ ಚೆನ್ನಾಗಿ ಕಟ್ಟುತ್ತದೆ, ನಡುವೆ ಹುಲ್ಲಿಗೂ ತುಂಬೆಗೂ ಜಾಗ ಉಳಿಯುತ್ತದೆ. ಎಕರೆಗೆ 20 ಗುಂಪು, ಗುಂಪಿಗೆ 15 ಗುಳಿ, ಗುಳಿಯಿಂದ ಗುಳಿಗೆ ಒಂದೂವರೆ ಮೀಟರ್, ಗುಳಿಗೆ 4 ಬೀಜ. ಒಟ್ಟು 300 ಗುಳಿಗೆ 1,200 ಉಬ್ಬಿದ ಬೀಜ. ತೂಕ ಬೇಕಾದರೆ ನಿಮ್ಮ ಬೀಜದಲ್ಲೇ 100 ಎಣಿಸಿ ತೂಗಿ 12ರಿಂದ ಗುಣಿಸಿ. ನೆಲದಿಂದ ನೆಲಕ್ಕೆ ಬೀಜದ ಗಾತ್ರ ಬೇರೆ.

ಇಳಿಜಾರಿನಲ್ಲಿ ಪ್ರತಿ ಗುಳಿಯ ಕೆಳಬದಿಗೆ ಮೀಟರ್ ಅಗಲದ ಅರ್ಧಚಂದ್ರಾಕಾರದ ಒಡ್ಡು, ಗೇಣೆತ್ತರ. ಮಣ್ಣಿನದಾದರೆ ಮೊದಲ ಜೋರು ಮಳೆಗೇ ಒಡೆಯುತ್ತದೆ, ಸುತ್ತ ಬಿದ್ದಿರುವ ಕಲ್ಲನ್ನೇ ಜೋಡಿಸಿ. ಬೂದಿ ಗಟ್ಟಿಯಾಗಿ ಕೂತ ಕಡೆ ನೀರು ಇಳಿಯದೆ ಜಾರಿಹೋಗುತ್ತದೆ, ಅಲ್ಲಿ ಗುದ್ದಲಿಯ ತುದಿಯಲ್ಲಿ ನಾಲ್ಕು ಬೆರಳು ಆಳಕ್ಕೆ ಕೆದಕಿ ಬೀಜವನ್ನು ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಎರಡು ಸೆಂಟಿಮೀಟರ್ ದಾಟಿದರೆ ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ಮೇಲೊಂದು ಜಾಲಿ ಮುಳ್ಳಿನ ಕೊಂಬೆ ಹೊದಿಸಿ. ನವಿಲು, ಗೌಜಲಕ್ಕಿ ಉಬ್ಬಿದ ಬೀಜವನ್ನು ಹುಡುಕಿ ಕೆದಕುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಾದರೂ ಬಲಿತ ತಂಗಡಿಗೆ ಮೇಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಎಳೆಯದಕ್ಕೆ ಹಾಕುತ್ತದೆ. ಮೊದಲ ಮಳೆಗಾಲ ಕಾಯ್ದರೆ ಆಮೇಲೆ ಬೇಲಿ ಬೇಡ. ಗೋಮಾಳದಲ್ಲಿ ಬೇರಾವ ಗಿಡಕ್ಕೂ ಇಲ್ಲದ ಅನುಕೂಲ ಇದು.

ಹದ ಸಿಕ್ಕರೆ ಒಂದೆರಡು ವಾರದಲ್ಲಿ ಮೊಳಕೆ. ಗುಳಿಗೆ ನಾಲ್ಕೂ ಬಂದರೆ ಎರಡನೇ ತಿಂಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಬುಡದಲ್ಲಿ ಕತ್ತರಿಸಿ. ಎಳೆದು ಕೀಳಬೇಡಿ, ಪಕ್ಕದ್ದರ ಬೇರೂ ಅಲುಗುತ್ತದೆ.

ಚೀಲದ ಸಸಿ ಬೇಕಾಗುವುದು ಶಾಲೆಯ ಅಂಗಳ, ಮನೆ ಬೇಲಿ, ಬದುವಿನಂಥ ನೀರು ಕೊಡಬಹುದಾದ ಕಡೆಗೆ. ಕೆಮ್ಮಣ್ಣು ಎರಡು, ಮರಳು ಒಂದು, ಕಳಿತ ಗೊಬ್ಬರ ಒಂದು ಪಾಲು. ಚೀಲಕ್ಕೆ ಎರಡು ಬೀಜ. ಮಾರ್ಚಿನಲ್ಲಿ ಹಾಕಿ ಜೂನ್–ಜುಲೈಗೆ ನೆಡುವುದು. ನಾಲ್ಕು ತಿಂಗಳು ದಾಟಿದರೆ ತಾಯಿಬೇರು ಚೀಲದ ತಳದಲ್ಲಿ ಸುತ್ತಿಕೊಳ್ಳುತ್ತದೆ. ಅಂಥ ಸಸಿ ನೆಟ್ಟ ವರ್ಷ ಹಸಿರಾಗಿದ್ದು ಎರಡನೇ ಬೇಸಿಗೆಗೆ ಕಾರಣ ತಿಳಿಯದಂತೆ ಒಣಗುತ್ತದೆ. ಎಳೆ ಸಸಿ ನೆಲಮಟ್ಟದಲ್ಲಿ ಕಪ್ಪಾಗಿ ಮಡಚಿ ಬಿದ್ದರೆ ಅದು ನೀರು ಹೆಚ್ಚಾದ ಕೊಳೆ ರೋಗ. ದಿನಾ ನೀರು ಹಾಕುವುದು ನಿಲ್ಲಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ಕೊಡಿ.

ತುಂಬೆಗೆ ಇಷ್ಟು ಸಾಹಸ ಬೇಡ. ಹೂ ಮುಗಿದು ಒಣಗಿದ ಗಂಟುಗಳನ್ನು ಇಡಿಯಾಗಿ ಕಿತ್ತು, ಕಾಗದದ ಮೇಲೆ ಕೊಡವಿದರೆ ಸಣ್ಣ ಬೀಜ ಉದುರುತ್ತದೆ. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಮರಳು ಬೆರೆಸಿ, ಮಳೆ ಬಿದ್ದ ಮಾರನೇ ದಿನ ತಂಗಡಿ ಗುಂಪುಗಳ ನಡುವೆ ಎರಚಿ. ಮಣ್ಣು ಮುಚ್ಚಬೇಡಿ, ಕಾಲಲ್ಲಿ ತುಳಿದರೆ ಸಾಕು. ಹುಲ್ಲು ಮುಸುಕಿದ ಕಡೆ ಬರುವುದಿಲ್ಲ. ಸುಟ್ಟು ಬಯಲಾದ ಮೊದಲ ವರ್ಷವೇ ಅದಕ್ಕೆ ಹದ. ಹೊಲದ ಬದುವಿನಲ್ಲಿ ಕಳೆನಾಶಕ ಹೊಡೆಯುವುದು ನಿಲ್ಲಿಸಿದರೆ ಬಿತ್ತದೆಯೂ ಬರುತ್ತದೆ.

ಆಮೇಲಿನ ಮೂರು ವರ್ಷ

ಬುಡದಿಂದ ಚಿಗುರಿದ ತಂಗಡಿ ಸಾಮಾನ್ಯವಾಗಿ ಅದೇ ಹಿಂಗಾರಿಗೆ ಹೂ ಬಿಡುತ್ತದೆ, ಬೀಜದಿಂದ ಬಂದದ್ದು ಎರಡನೇ ಮಳೆಗಾಲದ ಹೊತ್ತಿಗೆ. ಎಲ್ಲಕ್ಕಿಂತ ದೊಡ್ಡ ಶತ್ರು ಮರುವರ್ಷದ ಬೆಂಕಿ. ಹಳೆಯ ಬುಡ ಒಂದೆರಡು ಬೆಂಕಿ ತಡೆಯಬಲ್ಲದು. ಬೆರಳು ದಪ್ಪದ ಬೇರಿನ ಒಂದು ವರ್ಷದ ಗಿಡ ತಡೆಯುವುದಿಲ್ಲ. ಕಡೇಪಕ್ಷ ಮೂರು ಬೇಸಿಗೆ ಬೆಂಕಿ ಇಲ್ಲದೆ ದಾಟಬೇಕು. ವರ್ಷವರ್ಷವೂ ಸುಡುವ ಇಳಿಜಾರಿನಲ್ಲಿ ಹುಲ್ಲು ಮತ್ತು ಲಂಟಾನ ಮಾತ್ರ ಉಳಿಯುವುದು ಇದರಿಂದಲೇ. ಡಿಸೆಂಬರ್ ಕೊನೆಗೆ, ಹುಲ್ಲು ಪೂರ್ತಿ ಒಣಗುವ ಮೊದಲು, ಬಿತ್ತಿದ ಜಾಗದ ಸುತ್ತ 3 ಮೀಟರ್ ಅಗಲಕ್ಕೆ ಹುಲ್ಲು ಕೊಯ್ದು ಒಯ್ಯಿರಿ. ಕೊಯ್ದು ಅಲ್ಲೇ ಬಿಟ್ಟರೆ ಬೆಂಕಿಗೆ ದಾರಿ ಹಾಸಿಕೊಟ್ಟಂತೆ. ದನ ಸಾಕುವವರಿಗೆ ಆ ಹುಲ್ಲು ಮೇವಾಗಿ ಮೊದಲೇ ಸಿಕ್ಕರೆ ಗುಡ್ಡಕ್ಕೆ ಕಡ್ಡಿ ಗೀರುವ ಕಾರಣವೂ ಒಂದು ಕಡಿಮೆಯಾಗುತ್ತದೆ. ಕಾವಲಿಗಿಂತ ಈ ಏರ್ಪಾಡೇ ಹೆಚ್ಚು ಕೆಲಸ ಮಾಡುತ್ತದೆ.

2017ರಲ್ಲಿ ಸರ್ಕಾರ ನೀಲಗಿರಿಯ ಹೊಸ ನಾಟಿ ನಿಷೇಧಿಸಿದ ಮೇಲೆ ಮೋಟು ತೆಗೆದ ಹೊಲಗಳಿಗೂ ಇದೇ ಕ್ರಮ ಒಗ್ಗುತ್ತದೆ. ನೀಲಗಿರಿ ಎಲೆಯ ದಪ್ಪ ಹಾಸನ್ನು ಮೊದಲು ಗುಡಿಸಿ ತೆಗೆಯಬೇಕು. ಅದು ಬೆಂಕಿಗೆ ಸೀಮೆಎಣ್ಣೆ ಇದ್ದಂತೆಯೇ, ಅದರಡಿ ಮೊಳಕೆಯೂ ಏಳುವುದಿಲ್ಲ.

ನಾಲ್ಕನೇ ವರ್ಷದಿಂದ ಸೊಪ್ಪು ಕೊಯ್ಯಬಹುದು. ಕಾಯಿ ಉದುರಿದ ಮೇಲೆ, ಮೊಣಕಾಲೆತ್ತರಕ್ಕೆ, ಒಂದು ವರ್ಷಕ್ಕೆ ಮೂರನೇ ಒಂದು ಪಾಲು ಗಿಡಗಳನ್ನು ಮಾತ್ರ. ಎಲ್ಲವನ್ನೂ ಒಂದೇ ಸಲ ಸವರಿದರೆ ಆ ವರ್ಷ ದುಂಬಿಗೆ ಪರಾಗವಿಲ್ಲ, ಕೆಳಗಿನ ಬದನೆಗೆ ದುಂಬಿಯಿಲ್ಲ.

ಸ್ವಂತ ಜಮೀನು, ಬದು, ಶಾಲೆಯ ಅಂಗಳಕ್ಕೆ ಯಾರನ್ನೂ ಕೇಳಬೇಕಿಲ್ಲ. ಗೋಮಾಳವಾದರೆ ಗ್ರಾಮ ಪಂಚಾಯಿತಿ, ತಹಶೀಲ್ದಾರರ ಗಮನಕ್ಕೆ ತನ್ನಿ. ಅರಣ್ಯವಾದರೆ ಬೀಜ ಕೊಯ್ಯಲಿಕ್ಕೂ ಬಿತ್ತಲಿಕ್ಕೂ ವಲಯ ಅರಣ್ಯಾಧಿಕಾರಿಯ ಅನುಮತಿ ಬರಹದಲ್ಲಿರಲಿ. ಅರ್ಜಿಯಲ್ಲಿ ಬೀಜ ತರುವ ಊರು, ಗುಳಿಗಳ ಅಂದಾಜು ಸಂಖ್ಯೆ ಬರೆದು, ಜೂನಿಗೆ ಬಿತ್ತಬೇಕಾದರೆ ಏಪ್ರಿಲಿನಲ್ಲೇ ಕೊಡಿ.